ಗಂಟೆ ಹೊಡೆಯದ ಬೆಳಗು

ಪುಸ್ತಕ ಬಂತು. ಮೊನ್ನೆ ಸಂಜೆ ಪ್ರೆಸ್ಸಿನ ಆಟೋದಿಂದ ಐದು ಕಟ್ಟು ಇಳಿದವು; ಈಗ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್, ಅಂದರೆ ಪೋಲ್ ಪಾಟ್‌ನ ಕಮ್ಯುನಿಸ್ಟ್ ಆಡಳಿತ, ಬಿದ್ದ ಕಥೆಯನ್ನು ಕನ್ನಡದಲ್ಲಿ ಬರೀತೀನಿ ಅಂತ ನಿವೃತ್ತಿಯ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೇಳಿ ಸಿಕ್ಕಿಹಾಕಿಕೊಂಡವನು ನಾನು. ಆರು ವರ್ಷ ಹಿಡಿಯಿತು. ನಡುವೆ ಏನೇನಾಯಿತು ಅನ್ನೋದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬಿಚ್ಚೋದಿಲ್ಲ.

ಕರಡು ತಿದ್ದಿದ ಇಬ್ಬರು ಹಳೆಯ ಶಿಷ್ಯೆಯರು, ನಕಾಶೆ ಬರೆದುಕೊಟ್ಟ ಡ್ರಾಯಿಂಗ್ ಮೇಷ್ಟ್ರು, ಮುಂಗಡವಾಗಿ ಪ್ರತಿ ಕಾಯ್ದಿರಿಸಿದ ನೀವೆಲ್ಲ, ಮತ್ತು ಊಟಕ್ಕೆ ಮೂರು ಸಲ ಕೂಗಿಸಿಕೊಂಡರೂ ಏಳದವನನ್ನು ಸಹಿಸಿದ ನನ್ನ ಮನೆಯವಳು: ಎಲ್ಲರಿಗೂ ಕೈಮುಗಿದೆ. ಒಂದೇ ವಾಕ್ಯದಲ್ಲಿ ಮುಗಿಸಿದೆ ಅಂತ ಬೇಸರ ಮಾಡಿಕೊಳ್ಳಬೇಡಿ. ಉಳಿದ ಜಾಗ ಒಬ್ಬರಿಗೆ ಬೇಕು.

ಅವರನ್ನು ನಾನು ಕರೆಯುವುದು ಬೊಂಗ್ ಅಂತ. ಖ್ಮೇರ್ ಭಾಷೆಯಲ್ಲಿ ಅಣ್ಣನೂ ಬೊಂಗ್, ಅಕ್ಕನೂ ಬೊಂಗ್. ವಯಸ್ಸಿನಲ್ಲಿ ಅವರು ನನಗಿಂತ ಹತ್ತು ವರ್ಷ ಚಿಕ್ಕವರು, ಹಾಗಾಗಿ ಅವರೇ ನನ್ನನ್ನು ಹಾಗೆ ಕರೆಯಬೇಕು. ನನಗದು ತಿಳಿಯುವಷ್ಟರಲ್ಲಿ ರೂಢಿಯಾಗಿಬಿಟ್ಟಿತ್ತು; ಕೊನೆಗೆ ಒಬ್ಬರಿಗೊಬ್ಬರು ಅಣ್ಣಂದಿರಾದೆವು. ಟುಕ್‌ಟುಕ್ ಓಡಿಸುತ್ತಾರೆ. ಇಂಗ್ಲಿಷ್ ಕಲಿತದ್ದು ಥಾಯ್ ಗಡಿಯೊಳಗಿನ ಖಾವೊ ಈ ದಾಂಗ್ ನಿರಾಶ್ರಿತರ ಶಿಬಿರದಲ್ಲಿ.

ಪುಸ್ತಕಕ್ಕಾಗಿ ಕಾಂಬೋಡಿಯಾಕ್ಕೆ ಹೋಗಿದ್ದಾಗ ಬಟ್ಟಂಬಾಂಗ್‌ನಲ್ಲಿ ಜ್ವರ ಹಿಡಿದು ನಾನು ಮಲಗಿದ ಆ ರಾತ್ರಿ ಅವರಿಗೆ ಬಾಡಿಗೆ ಕೊಟ್ಟು ಕಳಿಸಿಯಾಗಿತ್ತು. ಹೋದವರು ನೀರಿನ ಬಾಟಲಿ ಮರೆತಿದ್ದೆನೆಂದು ತಿರುಗಿ ಬಂದರು, ನನ್ನ ಮುಖ ನೋಡಿ ಕೂತುಬಿಟ್ಟರು. ಹೊರಗೆ ಮಳೆ, ಕರೆಂಟಿಲ್ಲ. ಬೆಳಗಿನವರೆಗೆ ಹಣೆಗೆ ಒದ್ದೆ ಬಟ್ಟೆ ಹಾಕಿದರು. ಸಾಯುತ್ತೇನೆ ಅಂದುಕೊಂಡಿದ್ದೆ. ಆ ಹೊತ್ತಿನಲ್ಲಿ ಪುಸ್ತಕ ನೆನಪಾಗಲಿಲ್ಲ, ನಿಜ ಹೇಳಬೇಕೆಂದರೆ ಮಕ್ಕಳೂ ನೆನಪಾಗಲಿಲ್ಲ. ಮರುದಿನ ಬೊಂಗ್ ಹೇಳಿದರು: "ರಾತ್ರಿಯೆಲ್ಲ ಯಾರನ್ನೋ ಕರೀತಿದ್ದಿರಿ. ಅವ್ವ, ಅವ್ವ ಅಂತ. ಯಾರೂ ಓಗೊಡದಿದ್ದರೆ ಸರಿಯಿರಲ್ಲ ಅಂತ ನಾನೇ ಹೂಂ ಅಂದೆ."

ನಮ್ಮವ್ವ ತೀರಿಕೊಂಡು ಇಪ್ಪತ್ತೆರಡು ವರ್ಷ. ಇದನ್ನು ಬರೆಯುವಾಗಲೂ ಎದ್ದುಹೋಗಿ ಮುಖ ತೊಳೆದುಕೊಂಡು ಬಂದೆ.

ಬೆಳಿಗ್ಗೆ ಎಲ್ಲಿಂದಲೋ ಗಂಜಿ ತಂದರು. ಅವರ ಕಡೆ ಬೊಬೊರ್ ಅನ್ನುತ್ತಾರೆ. ಚಮಚದಲ್ಲಿ ಕುಡಿಸಿದರು, ತಾವು ಮುಟ್ಟಲಿಲ್ಲ. ನೀವೂ ತಗೊಳ್ಳಿ ಅಂದೆ. "ನಾನು ಅದನ್ನು ಕುಡಿಯೋದಿಲ್ಲ" ಅಂದರು. ಆಗ ನಾಚಿಕೆಯಾಯಿತು. ಖ್ಮೇರ್ ರೂಜ್ ಆಳಿದ ಆ 3 ವರ್ಷ 8 ತಿಂಗಳು 20 ದಿನ ಸಾಮೂಹಿಕ ಅಡುಗೆಮನೆಗಳಲ್ಲಿ ಜನರಿಗೆ ಹಾಕಿದ್ದು ನಾಲ್ಕು ಅಗುಳಿನ ನೀರುಗಂಜಿ ಅಂತ ನಾನೇ ಎರಡನೇ ಅಧ್ಯಾಯದಲ್ಲಿ ಬರೆದಿದ್ದೆ. ಬರೆದವನಿಗೇ ಹೊಳೆಯಲಿಲ್ಲ.

ಅಷ್ಟು ಹೊತ್ತಿಗೆ ನನ್ನ ಐದನೇ ಅಧ್ಯಾಯ ಮುಗಿದಿತ್ತು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. 1978ರ ಏಪ್ರಿಲ್‌ನಲ್ಲಿ ಪೋಲ್ ಪಾಟ್‌ನ ಪಡೆ ಗಡಿ ದಾಟಿ ವಿಯೆಟ್ನಾಮಿನ ಬಾ ಚುಕ್‌ನಲ್ಲಿ 3,000ಕ್ಕೂ ಹೆಚ್ಚು ಜನರನ್ನು ಕೊಂದದ್ದು. ಡಿಸೆಂಬರ್ 25ಕ್ಕೆ ವಿಯೆಟ್ನಾಂ ಪೂರ್ಣಬಲದಿಂದ ನುಗ್ಗಿದ್ದು. 1979ರ ಜನವರಿ 7ಕ್ಕೆ ರಾಜಧಾನಿ ನೋಮ್ ಪೆನ್ ಬಿದ್ದದ್ದು. ಅದಕ್ಕೆ ಪಾಠ ಕಲಿಸುತ್ತೇನೆಂದು ಫೆಬ್ರವರಿ 17ರಂದು ಚೀನಾ ವಿಯೆಟ್ನಾಮಿನ ಮೇಲೆ ಬಿದ್ದದ್ದು. ದೇಶದ ಕಾಲು ಭಾಗದಷ್ಟು ಜನರನ್ನು ಮಣ್ಣುಮಾಡಿದವರ ಕೈಯಲ್ಲೇ ವಿಶ್ವಸಂಸ್ಥೆಯಲ್ಲಿನ ಕಾಂಬೋಡಿಯಾದ ಕುರ್ಚಿ ಉಳಿದದ್ದು, 1980ರಲ್ಲಿ ಇಂದಿರಾ ಗಾಂಧಿ ಸರ್ಕಾರ ವಿಯೆಟ್ನಾಂ ಕೂರಿಸಿದ ಹೆಂಗ್ ಸಾಮ್ರಿನ್‌ರ ಹೊಸ ಆಡಳಿತಕ್ಕೆ ಮಾನ್ಯತೆ ಕೊಟ್ಟದ್ದು. ಪರೀಕ್ಷೆಗೆ ಓದಿಸುವ ಮೇಷ್ಟ್ರ ಹಾಗೆ ಎಲ್ಲ ಸಾಲಾಗಿ ಜೋಡಿಸಿದ್ದೆ.

ಗಂಜಿ ಕುಡಿದ ಮೇಲೆ, ಜನವರಿ 7ರಂದು ನೀವೇನು ಮಾಡುತ್ತಿದ್ದಿರಿ ಅಂತ ಕೇಳಿದೆ.

"ಭತ್ತ ಕೊಯ್ಯುತ್ತಿದ್ದೆ" ಅಂದರು.

ರಾಜಧಾನಿ ಬಿದ್ದ ಸುದ್ದಿ ಬಟ್ಟಂಬಾಂಗ್‌ನ ಗದ್ದೆಗೆ ಬಂದಿರಲಿಲ್ಲ. ಅವರಿಗೆ ಒಂಬತ್ತೋ ಹತ್ತೋ ವರ್ಷ, ಅಪ್ಪ ಅಮ್ಮನಿಂದ ಬೇರೆ ಮಾಡಿ ಮಕ್ಕಳ ದಂಡಿನಲ್ಲಿ ಹಾಕಿದ್ದರು. ಮರಕ್ಕೆ ಕಟ್ಟಿದ ಗಾಲಿಯ ರಿಮ್ಮೇ ಗಂಟೆ. ಅದು ಹೊಡೆದರೆ ಏಳಬೇಕು, ಹೊಡೆದರೆ ಉಣ್ಣಬೇಕು. ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅದು ಹೊಡೆಯಲಿಲ್ಲ. ಎಚ್ಚರವಾಗಿದ್ದರೂ ಮಕ್ಕಳು ಯಾರೂ ಏಳಲಿಲ್ಲ. ಎದ್ದವರನ್ನು ಹಿಡಿಯೋಕೆ ಹೂಡಿದ ಆಟವೇನೋ ಅಂತ ಭಯ. ಬಿಸಿಲು ಮುಖಕ್ಕೆ ಬಂತು. ಕೊನೆಗೆ ಒಬ್ಬ ಹುಡುಗಿ ಹೊಟ್ಟೆ ತಾಳಲಾರದೆ ತೆವಳಿಕೊಂಡು ಹೋಗಿ ನೋಡಿ ಬಂದಳು. ಒಲೆ ಹಚ್ಚಿರಲಿಲ್ಲ. ಕಾವಲಿನವರು ರಾತ್ರಿಯೇ ಓಡಿಹೋಗಿದ್ದರು.

"ಹಾಗಾದರೆ ನಿಮಗದು ಬಿಡುಗಡೆಯೋ, ಆಕ್ರಮಣವೋ?" ನನ್ನೊಳಗಿನ ಮೇಷ್ಟ್ರು ಜ್ವರದಲ್ಲೂ ಸುಮ್ಮನಿರಲಿಲ್ಲ. ಈ ಪ್ರಶ್ನೆಗೆ ಅಲ್ಲಿ ಇವತ್ತಿಗೂ ಒಂದೇ ಉತ್ತರವಿಲ್ಲ. ಬೊಂಗ್ ನಕ್ಕರು. "ಬೆಂಕಿ ಆರಿಸೋಕೆ ಬಂದವರು ಹತ್ತು ವರ್ಷ ನಮ್ಮ ಮನೆಯಲ್ಲೇ ಉಳಿದರು. ಬೆಂಕಿ ಆರಿಸಿದ್ದು ಸುಳ್ಳಾ? ಉಳಿದದ್ದು ಸುಳ್ಳಾ?" ಆ ಹತ್ತು ವರ್ಷವೂ ಥಾಯ್ ಗಡಿಯಲ್ಲಿ ಯುದ್ಧ ನಡೆದೇ ಇತ್ತು. ವಿಯೆಟ್ನಾಂ ಸೈನ್ಯ ಹಿಂದಿರುಗಿದ್ದು 1989ರಲ್ಲಿ, ಪ್ಯಾರಿಸ್ ಶಾಂತಿ ಒಪ್ಪಂದ 1991ರಲ್ಲಿ. ಶಿಬಿರದಿಂದ ಬೊಂಗ್ ಊರಿಗೆ ಮರಳಿದ್ದು ಅದರ ಮರುವರ್ಷ. ಅಮ್ಮನನ್ನು ಹುಡುಕಿದ್ದರ ಬಗ್ಗೆ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಊರಿಗೆ ಬಂದು ಐದನೇ ಅಧ್ಯಾಯವನ್ನು ಪೂರ್ತಿ ಒಡೆದೆ. ಮೂವತ್ತೊಂದು ವರ್ಷ ಶಾಲೆಯ ಗಂಟೆಗೆ ಎದ್ದು ಕೂತವನು ನಾನು. ಆ ರಿಮ್ಮಿನ ಸದ್ದು ಕಿವಿಯಿಂದ ಹೋಗಲಿಲ್ಲ. ತಾರೀಖುಗಳು ಈಗಲೂ ಇವೆ, ಹಿಂದಿನ ಬೆಂಚಿಗೆ ಹೋಗಿವೆ. ತಡವಾಗಿದ್ದಕ್ಕೆ ಪ್ರಕಾಶಕರಿಗೆ ಕೊಟ್ಟ ಹತ್ತಾರು ಕಾರಣಗಳಲ್ಲಿ ನಿಜವಾದದ್ದು ಇದೊಂದೇ.

ಖ್ಮೇರ್‌ನಲ್ಲಿ ಧನ್ಯವಾದಕ್ಕೆ ಓರ್ಕುನ್ ಅನ್ನುತ್ತಾರೆ. ಅದರೊಳಗಿನ 'ಕುನ್' ನಮ್ಮ ಗುಣವೇ. ಅವರ ಲಿಪಿಯೂ ಬ್ರಾಹ್ಮಿಯಿಂದ ಬಂದದ್ದು, ನಮ್ಮ ದಾಯಾದಿ. ನಿನ್ನೆ ಮೊದಲ ಪುಟದ ಫೋಟೊ ಕಳಿಸಿದ್ದೆ. "ನಮ್ಮ ಅಕ್ಷರದ ಹಾಗೇ ಗುಂಡಗಿದೆ, ಆದರೆ ಒಂದೂ ಓದೋಕಾಗಲ್ಲ. ಗಂಟೆ ಎಲ್ಲಿದೆ?" ಅಂತ ಕೇಳಿದ್ದಾರೆ.

ಬೊಂಗ್, ನಿಮ್ಮ ಪ್ರತಿ ಇವತ್ತು ಅಂಚೆಗೆ ಹೋಯಿತು. ಮೊದಲ ಸಾಲಿನ ಮೊದಲ ಪದವೇ ಅದು. ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದೇನೆ.