ಬಾಯಿ ಬಿಡಿ, ನೋವುಂಟಾ?

ಮಾನ್ಯ ಸಂಪಾದಕರೇ,

ದೇಶ ವಿಭಜನೆ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ದೊಡ್ಡ ವ್ಯಾಪಾರಿಗಳ ಕಥೆಯೇ ಜಾಸ್ತಿ. ನನಗೆ ನೆನಪಾದದ್ದು ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯ ಹಲ್ಲಿನ ಡಾಕ್ಟರು.

ಅವರು ಸಿಂಧಿ. 1947ರಲ್ಲಿ ಕರಾಚಿಯಿಂದ ಹಡಗಿನಲ್ಲಿ ಮುಂಬಯಿಗೆ ಬಂದಾಗ ಎಂಟು ವರ್ಷ. ಕಲ್ಯಾಣದ ಹತ್ತಿರ ಮಿಲಿಟರಿಯವರು ಬಿಟ್ಟುಹೋದ ಬ್ಯಾರಕ್‌ನಲ್ಲಿ, ಮಧ್ಯೆ ಗೋಣಿತಾಟು ಕಟ್ಟಿಕೊಂಡು ನಾಲ್ಕು ಸಂಸಾರ ಇದ್ದವಂತೆ. ಆ ಕ್ಯಾಂಪಿಗೇ 1949ರಲ್ಲಿ ಉಲ್ಲಾಸನಗರ ಅಂತ ಹೆಸರಾಯಿತು. ಲೋಕಲ್ ಟ್ರೇನಿನಲ್ಲಿ ಪೆಪ್ಪರ್‌ಮಿಂಟ್ ಮಾರಿದ ಹುಡುಗ ಮುಂದೆ ಹುಳುಕು ಹಲ್ಲು ತುಂಬಿಸುವ ಡಾಕ್ಟರಾದ. ತಮಾಷೆ ಅಲ್ವಾ? ಅವರೇ ಹೇಳಿ ನಗುತ್ತಿದ್ದರು.

ಕ್ಲಿನಿಕ್ ಎಂದರೆ ಒಂದೇ ಕೋಣೆ, ಲವಂಗದೆಣ್ಣೆಯ ವಾಸನೆ. ಮೂಲೆಯಲ್ಲಿ ಹೊಲಿಗೆ ಮೆಷಿನ್ನಿನ ಹಾಗೆ ಕಾಲಲ್ಲಿ ತುಳಿಯುವ ಹಳೇ ಡ್ರಿಲ್. ಕರೆಂಟು ಹೋದರೂ ಕೆಲಸ ನಿಲ್ಲುತ್ತಿರಲಿಲ್ಲ, ನಮಗೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು! ಕೆಳಗಿನ ಉಡುಪಿ ಹೋಟೆಲಿನ ಮಾಣಿಗಳಿಂದ ಕನ್ನಡ ಕಲಿತಿದ್ದರು. ‘ಬಾಯಿ ಬಿಡಿ, ನೋವುಂಟಾ?’ ಅಷ್ಟೇ. ಆ ಹುಡುಗರಿಂದ ಫೀಸು ತೆಗೆದುಕೊಂಡದ್ದನ್ನು ನಾನಂತೂ ನೋಡಿಲ್ಲ.

ಇಂಥವರ ಬಗ್ಗೆಯೂ ಒಮ್ಮೆ ಬರೆಸಿ.

– ನಿಮ್ಮ ಹಳೆಯ ಓದುಗ, ಡೊಂಬಿವಲಿ