ಮಗಳಿಗೊಂದು ಪತ್ರ: ಮುದಿ ಬೆಕ್ಕನ್ನು ಮನೆಗೆ ತರುವ ಮುಂಚೆ

ಪುಟ್ಟೀ,

ಬೆಕ್ಕಿಗೆ ಹನ್ನೊಂದು ವರ್ಷ ಇರಬಹುದು ಅಂತ ಶೆಲ್ಟರ್‌ನವರು ಹೇಳಿದ್ದನ್ನು ಅಂದಾಜು ಅಂತಲೇ ಇಟ್ಟುಕೋ. ಹಲ್ಲು ನೋಡಿ ವಯಸ್ಸು ಹೇಳುವುದು ಮರಿಗಳಿಗೆ ಸರಿ. ಆರು ತಿಂಗಳಿಗೆಲ್ಲ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದುಬಿಡುತ್ತದೆ. ಆಮೇಲೆ ಉಳಿಯುವ ಗುರುತೆಂದರೆ ಹಲ್ಲಿನ ಸವೆತ, ಕಿಟ್ಟ, ಕಣ್ಣಿನ ಮಂಜು ಇಷ್ಟೇ. ಬೀದಿಯಲ್ಲಿ ಒದ್ದಾಡಿ ಬೆಳೆದ ಎಂಟರ ಬೆಕ್ಕು ಹನ್ನೆರಡರದ್ದರ ಹಾಗೆ ಕಾಣಬಹುದು. ವಯಸ್ಸಿನ ಚಿಂತೆ ಬಿಡು. ಮೂತ್ರಪಿಂಡ, ಥೈರಾಯಿಡ್, ಬಿಪಿ, ಬಾಯಿ ಈ ನಾಲ್ಕೂ ಹೇಗಿವೆ ಅಂತ ತಿಳಿದುಕೊಂಡು ಆಮೇಲೆ ಹೂಂ ಅನ್ನು. ಬೆಕ್ಕು ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ, ಮುಖ ನೋಡಿದರೆ ಏನೂ ತಿಳಿಯುವುದಿಲ್ಲ. ಅಳೆದೇ ನೋಡಬೇಕು.

ರಕ್ತಪರೀಕ್ಷೆ ಆಗಿದೆ ಅಂದರೆ ಅಷ್ಟಕ್ಕೇ ಸುಮ್ಮನಾಗಬೇಡ. ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ರಕ್ತದ ಕಸ) ಏರುವ ಹೊತ್ತಿಗೆ ಮೂತ್ರಪಿಂಡದ ಸುಮಾರು ಮುಕ್ಕಾಲು ಪಾಲು ಶಕ್ತಿ ಹೋಗಿರುತ್ತದೆ. ಅದಕ್ಕೇ ಎಸ್‌ಡಿಎಂಎ (ಮೂತ್ರಪಿಂಡದ ತೊಂದರೆಯನ್ನು ಇನ್ನೂ ಮುಂಚೆ ತೋರಿಸುವ ರಕ್ತಪರೀಕ್ಷೆ) ಇದೆಯಾ ಕೇಳು, ಜೊತೆಗೆ ಮೂತ್ರದ ಸಾಂದ್ರತೆಯನ್ನೂ ಕೇಳು. ಸಾಂದ್ರತೆ 1.035ಕ್ಕಿಂತ ಕೆಳಗಿದ್ದರೆ ಮೂತ್ರಪಿಂಡದ ಮೇಲೆ ಅನುಮಾನ ಇಟ್ಟುಕೊಂಡು ಇನ್ನೊಮ್ಮೆ ಮಾಡಿಸಬೇಕು. ಟಿ4, ಅಂದರೆ ಥೈರಾಯಿಡ್ ಹಾರ್ಮೋನಿನ ಪರೀಕ್ಷೆ ಕೂಡ ಬೇಕು. ಚೆನ್ನಾಗಿ ತಿಂದೂ ಸೊರಗುವ, ರಾತ್ರಿ ಕಿರುಚುವ ಮುದಿ ಬೆಕ್ಕಿಗೆ ಹೆಚ್ಚಾಗಿ ಥೈರಾಯಿಡ್ ಜಾಸ್ತಿಯಾಗಿರುತ್ತದೆ. ಇದರಲ್ಲೊಂದು ಮೋಸವಿದೆ: ಥೈರಾಯಿಡ್ ಏರಿದಾಗ ಮೂತ್ರಪಿಂಡಕ್ಕೆ ರಕ್ತ ಜೋರಾಗಿ ಹರಿಯುವುದರಿಂದ ಕ್ರಿಯಾಟಿನಿನ್ ಸರಿಯಾಗೇ ಕಾಣುತ್ತದೆ. ಮಾತ್ರೆ ಶುರುವಾಗಿ ಥೈರಾಯಿಡ್ ಇಳಿದ ಮೇಲೆ ಅಡಗಿದ್ದ ಕಾಯಿಲೆ ಹೊರಬೀಳುತ್ತದೆ. ಹಾಗಾಗಿ ಔಷಧಿ ಹಿಡಿದ ಮೂರು-ನಾಲ್ಕು ವಾರಕ್ಕೆ ಮತ್ತೆ ರಕ್ತ ಕೊಡಿಸಲೇಬೇಕು.

ಬಿಪಿ ನೋಡುವಾಗ ಅವಸರ ಪಡುವ ಕ್ಲಿನಿಕ್ ಬೇಡ. ಕ್ಯಾರಿಯರ್‌ನಲ್ಲೇ ಐದು-ಹತ್ತು ನಿಮಿಷ ಸುಮ್ಮನೆ ಬಿಟ್ಟು, ಐದಾರು ಸಲ ಅಳೆದು, ಮೊದಲನೆಯದನ್ನು ಬಿಟ್ಟು ಸರಾಸರಿ ತೆಗೆಯಬೇಕು. ಮೇಲಿನ ಅಂಕಿ ಮತ್ತೆ ಮತ್ತೆ 160 ದಾಟಿದರೆ ಚಿಕಿತ್ಸೆ ಬೇಕಾಗುತ್ತದೆ. ಬಿಟ್ಟರೆ ಕಣ್ಣಿನ ಹಿಂಪದರ ಕಳಚಿ ರಾತ್ರಿ ಬೆಳಗಾಗುವುದರೊಳಗೆ ಕುರುಡಾಗಬಹುದು.

ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್) ಪಾಸಿಟಿವ್ ಅಂತ ಬಂದರೆ ಹೆದರಿ ಬಿಡಬೇಡ. ಅದು ಮುಖ್ಯವಾಗಿ ಆಳವಾದ ಕಚ್ಚುಗಾಯದಿಂದ ಹರಡುತ್ತದೆ, ಮನುಷ್ಯರಿಗೆ ಬರುವುದಿಲ್ಲ. ಬೇರೆ ಬೆಕ್ಕಿಲ್ಲದ ನಿನ್ನ ಮನೆಗೆ ಅಂಥದ್ದು ಧಾರಾಳವಾಗಿ ಬರಬಹುದು. ಹಲ್ಲು ಕೀಳಿಸುವುದಿದ್ದರೆ ಮಾತ್ರ ತರುವ ಮುಂಚೆಯೇ ಶೆಲ್ಟರ್‌ನವರ ಜೊತೆ ಮಾತಾಡು. ಅರಿವಳಿಕೆ ಕೊಡಬೇಕಾಗುವುದರಿಂದ ರಿಪೋರ್ಟ್ ನೋಡಿಯೇ ದಿನ ಗೊತ್ತು ಮಾಡುತ್ತಾರೆ. ಹಲ್ಲೇ ಇಲ್ಲದ ಬೆಕ್ಕೂ ಚೆನ್ನಾಗಿ ತಿನ್ನುತ್ತದೆ, ತಿನ್ನದೇ ಇರುವುದು ನೋಯುವ ಹಲ್ಲಿರುವ ಬೆಕ್ಕು.

ಮೊದಲ ವಾರ ಇಡೀ ಮನೆ ಬಿಡಬೇಡ, ಒಂದು ರೂಮು ಸಾಕು. ಮಂಚದಡಿ ಸೇರಿಕೊಂಡರೆ ಸೇರಿಕೊಳ್ಳಲಿ, ಎಳೆದು ತೆಗೆದರೆ ಇನ್ನಷ್ಟು ದಿನ ಹಿಂದಕ್ಕೆ ಹೋದೆ ಅಂತಲೇ ಲೆಕ್ಕ. ಕಾಯಬೇಕಾದ್ದು ಊಟವನ್ನು. ಒಂದಿಡೀ ದಿನ ಏನೂ ಮುಟ್ಟದಿದ್ದರೆ ವೆಟ್‌ಗೆ ಫೋನ್ ಮಾಡು. ಹಸಿದ ಬೆಕ್ಕಿನ ಮೈಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ, ದಪ್ಪ ಬೆಕ್ಕಿಗೆ ಈ ಅಪಾಯ ಹೆಚ್ಚು. ಶೆಲ್ಟರ್‌ನಲ್ಲಿ ತಿನ್ನುತ್ತಿದ್ದುದನ್ನೇ ಮೊದಲ ವಾರ ಕೊಡು. ಬದಲಿಸುವುದಾದರೆ ಆಮೇಲೆ ಏಳರಿಂದ ಹತ್ತು ದಿನ ಹಿಡಿದು ಕಾಲು, ಅರ್ಧ, ಮುಕ್ಕಾಲು ಅಂತ ಹೊಸದನ್ನು ಬೆರೆಸು. ಪೌಚನ್ನು ಬಿಸಿನೀರಿನಲ್ಲಿಟ್ಟು ಮೈ ಬಿಸಿಯಷ್ಟು ಮಾಡಿದರೆ ವಾಸನೆ ಏಳುತ್ತದೆ, ಮೂಗು ಮಂದವಾದ ಬೆಕ್ಕು ಅದಕ್ಕೇ ಬಾಯಿ ಹಾಕುತ್ತದೆ. 4 ಕೆಜಿ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿ ಬೇಕು, ಬರೀ ಒಣ ಆಹಾರವಾದರೆ ಹತ್ತಿರ ಹತ್ತಿರ 50 ಗ್ರಾಂ. ಅಜ್ಜಿ ಹಾಲನ್ನ ಹಾಕು ಅಂತಾರೆ, ಹೂಂ ಅಂದು ಸುಮ್ಮನಿರು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಅನ್ನದಲ್ಲಿ ಟಾರಿನ್ (ಮಾಂಸದಲ್ಲಿ ಸಿಗುವ ಪೋಷಕಾಂಶ) ಇಲ್ಲ, ಅದಿಲ್ಲದೆ ಬೆಕ್ಕಿನ ಕಣ್ಣು, ಹೃದಯ ಎರಡೂ ಹಾಳಾಗುತ್ತವೆ.

ಅಂಗಡಿಯ ಲಿಟರ್ ಬಾಕ್ಸ್ (ಬೆಕ್ಕಿನ ಕಕ್ಕಸಿನ ಡಬ್ಬ) ಕೊಳ್ಳುವ ಮೊದಲು ಅದರ ಅಂಚಿನ ಎತ್ತರ ನೋಡು. ಮುದಿ ಬೆಕ್ಕಿನ ಕೀಲುಗಳಲ್ಲಿ ಸಂಧಿವಾತ ತೀರಾ ಸಾಮಾನ್ಯ, ಆದರೆ ಬೆಕ್ಕು ಹೆಚ್ಚಾಗಿ ಕುಂಟುವುದಿಲ್ಲ, ಹತ್ತುವುದನ್ನು ಬಿಡುತ್ತದೆ ಅಷ್ಟೇ. ಅಂಚು ದಾಟಲು ನೋವಾದರೆ ಬಾಕ್ಸ್ ಪಕ್ಕದಲ್ಲೇ ಉಚ್ಚೆ ಮಾಡುತ್ತದೆ. ಅದನ್ನು ಹಟ ಅಂತ ಬೈಯುವವರೇ ಜಾಸ್ತಿ! ಅಗಲವಾದ ಪ್ಲಾಸ್ಟಿಕ್ ಟಬ್ ತಂದು ಒಂದು ಬದಿಯನ್ನು ನೆಲದಿಂದ 7–8 ಸೆಂ.ಮೀ. ಬಿಟ್ಟು ಕತ್ತರಿಸಿ, ಅಂಚಿಗೆ ಮರಳುಕಾಗದ ಉಜ್ಜು. ಉದ್ದ ಬೆಕ್ಕಿನ ಮೈಯ ಒಂದೂವರೆ ಪಟ್ಟು ಇರಲಿ. ಒದ್ದೆಯಾದರೆ ಗಂಟುಗಟ್ಟುವ ಬೆಂಟೊನೈಟ್ ಜೇಡಿಮಣ್ಣಿನ ಲಿಟರನ್ನು 5 ಸೆಂ.ಮೀ. ಹಾಕು. ಒಂದು ಬೆಕ್ಕಿಗೂ ಎರಡು ಬಾಕ್ಸ್ ಬೇಕು, ಊಟದ ತಟ್ಟೆಯಿಂದಲೂ ವಾಷಿಂಗ್ ಮೆಷಿನ್‌ನಿಂದಲೂ ದೂರ. ಸ್ವಚ್ಛ ಮಾಡುವಾಗ ದಿನಾ ಗಂಟು ಎಣಿಸು. ಗಂಟು ದೊಡ್ಡದಾಗುತ್ತಾ, ನೀರಿನ ಬಟ್ಟಲು ಬೇಗ ಖಾಲಿಯಾಗುತ್ತಾ ಬಂದರೆ ನೀರನ್ನು ಅಳೆದು ಇಡು. ದಿನಕ್ಕೆ ಮೈತೂಕದ ಕೆಜಿಗೆ 100 ಮಿ.ಲೀ. ದಾಟಿದರೆ ಖಂಡಿತ ಹೆಚ್ಚು. ಗಂಡು ಬೆಕ್ಕು ಮತ್ತೆ ಮತ್ತೆ ಹೋಗಿ ಕೂತೂ ಉಚ್ಚೆ ಬರದಿದ್ದರೆ ಅದು ತುರ್ತು, ಬೆಳಗಿನ ತನಕ ಕಾಯಬೇಡ.

ವಾರಕ್ಕೊಮ್ಮೆ ತೂಕ ನೋಡು. ಕ್ಯಾರಿಯರನ್ನು ಪಾರ್ಸೆಲ್ ತಕ್ಕಡಿ ಮೇಲಿಟ್ಟು, ಖಾಲಿ ತೂಕ ಕಳೆ. 4 ಕೆಜಿಯಲ್ಲಿ 200 ಗ್ರಾಂ ಇಳಿದರೆ ಶೇ. 5 ಆಯಿತು, ಕಣ್ಣಿಗೆ ಕಾಣದೆಯೇ ಹೋಗಿಬಿಡುವ ಇಳಿತ. ಅವತ್ತೇ ಉಗುರನ್ನೂ ನೋಡಿಬಿಡು, ಕೆರೆಯುವುದು ಕಡಿಮೆಯಾದ ಬೆಕ್ಕಿನ ಉಗುರು ದಪ್ಪವಾಗಿ ಬಾಗಿ ಪಾದದ ಮೆತ್ತೆಯೊಳಗೇ ಚುಚ್ಚಿಕೊಳ್ಳುತ್ತದೆ.

ಬಾಲ್ಕನಿಗೆ ಪಾರಿವಾಳದ ನೈಲಾನ್ ಬಲೆ ಇದೆಯಲ್ಲ, ಅದನ್ನು ನಂಬಬೇಡ. ಬಿಸಿಲಿಗೆ ಸೊರಗಿ ಒಂದು ಕಡೆ ಹರಿದರೂ ಸಾಕು. ತಂತಿ ಜಾಲರಿ ಹಾಕಿಸು, ಅದಕ್ಕೆ ಮತ್ತು ಬೆಕ್ಕು ಸಾಕುವುದಕ್ಕೆ ಮನೆ ಓನರ್ ಒಪ್ಪಿಗೆಯನ್ನು ಬರಹದಲ್ಲಿ ತಗೋ. ಪ್ಯಾರಾಸಿಟಮಾಲ್ ಮೇಜಿನ ಮೇಲೆ ಬಿಡಬೇಡ, ಅರ್ಧ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ಅದನ್ನು ಅರಗಿಸುವ ಕಿಣ್ವ ಅದರ ಯಕೃತ್ತಿನಲ್ಲಿ ಸಾಕಷ್ಟಿಲ್ಲ. ನಾಯಿಗೆ ಹಾಕುವ ಪರ್ಮೆಥ್ರಿನ್ (ಬೆಕ್ಕಿಗೆ ವಿಷವಾಗುವ ಕೀಟನಾಶಕ) ಇರುವ ಉಣ್ಣಿ ಔಷಧಿ, ಹೂಗುಚ್ಛದ ಲಿಲ್ಲಿ ಇವೆರಡೂ ಮನೆಗೆ ಬರಕೂಡದು. ಲಿಲ್ಲಿಯ ಪರಾಗ ಮೈಗಂಟಿ ನೆಕ್ಕಿಕೊಂಡರೂ ಮೂತ್ರಪಿಂಡ ಹೋಗುತ್ತದೆ. ಜೊತೆಗಿರಲಿ ಅಂತ ಒಂದು ಮರಿ ತರುವ ಯೋಚನೆಯನ್ನೂ ಬಿಡು. ಮರಿ ಆಡಲು ಮೈಮೇಲೆ ಹಾರುತ್ತದೆ, ಕೀಲು ನೋಯುವ ಬೆಕ್ಕು ಊಟದ ತಟ್ಟೆಯ ಹತ್ತಿರವೂ ಬರದೆ ಮೂಲೆ ಸೇರುತ್ತದೆ.

ರೇಬಿಸ್ ಮತ್ತು ಟ್ರೈಕ್ಯಾಟ್ (ಬೆಕ್ಕಿನ ಮೂರು ವೈರಸ್ ಕಾಯಿಲೆಗಳ) ಲಸಿಕೆಯ ಕಾರ್ಡು ಶೆಲ್ಟರ್‌ನಿಂದಲೇ ಈಸಿಕೋ. ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ಕಳಿಸು, ಮೂತ್ರದ ಪುಟ ಬಿಟ್ಟುಹೋಗದಿರಲಿ.

ನಿನ್ನ ಅಮ್ಮ