ಅಮೈನೋ ಪುಡಿ ಮತ್ತು ಮಾತ್ರೆಗಳ ಮಾರಾಟ ನಿಲ್ಲಿಸುತ್ತಿರುವ ಬಗ್ಗೆ

ಮಾನ್ಯ ಸದಸ್ಯರೇ, ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಕಿನಿಂದ ನಮ್ಮ ಸಹಕಾರಿ ಮಳಿಗೆಯಲ್ಲಿ ಬಿಸಿಎಎ ಪುಡಿಯನ್ನಾಗಲಿ (ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲಿ ಮೂರರ ಮಿಶ್ರಣ) ಅಮೈನೋ ಮಾತ್ರೆಗಳನ್ನಾಗಲಿ ಮಾರುವುದಿಲ್ಲ. ಪ್ರೋಟೀನ್ ಪುಡಿಗಳ ಪೈಕಿ ಬಣ್ಣ, ಪರಿಮಳ ಬೆರೆಸದ ಸಾದಾ ವೇ ಪುಡಿಯೊಂದು (ಹಾಲೊಡೆದಾಗ ಉಳಿಯುವ ತಿಳಿನೀರಿನಿಂದ ತೆಗೆದ ಪ್ರೋಟೀನ್) ಮಾತ್ರ ಉಳಿಯುತ್ತದೆ. ಕುಂದಾಪುರ ಸೀಮೆಯ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದ ಬೆಳ್ಳಿ ಗೆದ್ದ ಮೇಲೆ ನಮ್ಮ ಕಡೆಯ ಹುಡುಗರಲ್ಲಿ ಭಾರ ಎತ್ತುವ ಹುಮ್ಮಸ್ಸು ಹೆಚ್ಚಿತು. ಅವರು ಕೇಳಿದಂತೆಲ್ಲ ನಾವೂ ಕಪಾಟು ತುಂಬ ಡಬ್ಬಿ ಜೋಡಿಸಿದೆವು. ದಿನಸಿಗಿಂತ ಆ ಕಪಾಟಿನಲ್ಲೇ ಲಾಭ ಹೆಚ್ಚಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಕಳೆದ ತಿಂಗಳು ಸಂಜೆಯ ಅಭ್ಯಾಸ ಮುಗಿಸಿ, ಅಂಗೈಯಲ್ಲಿ ಇನ್ನೂ ಬಿಳಿ ಚಾಕ್ ಪುಡಿ ಮೆತ್ತಿಕೊಂಡಿದ್ದ ಕಾಲೇಜು ಹುಡುಗನೊಬ್ಬ ಬಂದು, 1,600 ರೂಪಾಯಿಯ ಬಿಸಿಎಎ ಡಬ್ಬಿಯನ್ನು ಲೆಕ್ಕಕ್ಕೆ ಬರೆದುಕೊಳ್ಳಲು ಹೇಳಿ, ಕೈಯಲ್ಲಿದ್ದ ಮೊಟ್ಟೆಯ ಟ್ರೇಯನ್ನು ಹಣ ಸಾಲದೆಂದು ಹಿಂದಿಟ್ಟು ಹೋದ. ಆ ಡಬ್ಬಿಯ ಬೆಲೆಗೆ ಇನ್ನೂರಕ್ಕೂ ಹೆಚ್ಚು ಮೊಟ್ಟೆ ಬರುತ್ತವೆ. ಈ ವಿಷಯವನ್ನು ಆಡಳಿತ ಮಂಡಳಿಯ ಮುಂದಿಟ್ಟಾಗ ಆರಂಭವಾದ ಚರ್ಚೆಯೇ ಈ ತೀರ್ಮಾನಕ್ಕೆ ಕಾರಣ.

ದೇಹ ತಾನಾಗಿ ತಯಾರಿಸಿಕೊಳ್ಳಲಾಗದೆ ಆಹಾರದಿಂದಲೇ ಪಡೆಯಬೇಕಾದ ಅಮೈನೋ ಆಮ್ಲಗಳು ಒಂಬತ್ತು. ಬಿಸಿಎಎ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಅವುಗಳಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಮಾತ್ರ. ಸ್ನಾಯು ಕಟ್ಟುವ ಕೆಲಸವನ್ನು ಲ್ಯೂಸಿನ್ ಚಾಲೂ ಮಾಡುತ್ತದೆ ಎಂಬುದು ನಿಜವೇ. ಆದರೆ ಉಳಿದ ಆರು ಇಲ್ಲದಿದ್ದರೆ ಆ ಕೆಲಸ ಮುಂದುವರಿಯುವುದಿಲ್ಲ. ಒಗ್ಗರಣೆ ಚಟಪಟ ಎನ್ನುತ್ತಿದ್ದರೂ ಬೇಳೆಯೇ ಬೆಂದಿಲ್ಲದಿದ್ದರೆ ಸಾರು ಆದೀತೇ? ಒಂದು ಅಳತೆ ಚಮಚ ವೇ ಪುಡಿಯಲ್ಲೇ ಈ ಮೂರೂ ಸೇರಿ ನಾಲ್ಕೈದು ಗ್ರಾಂ ಇರುತ್ತವೆ, ಉಳಿದ ಆರೂ ಜೊತೆಗಿರುತ್ತವೆ. ಹಾಗಿರುವಾಗ ವೇ ಕುಡಿಯುವವರಿಗೆ ಬಿಸಿಎಎಯನ್ನೂ ಮಾರಿದ್ದು ಒಂದೇ ಸರಕಿಗೆ ಎರಡು ಸಲ ಹಣ ಪಡೆದಂತೆ. ಮಾತ್ರೆಗಳ ಕಥೆ ಇನ್ನೂ ಸಣ್ಣದು: ನಾವು ಮಾರುತ್ತಿದ್ದ ಮಾತ್ರೆಯ ತೂಕವೇ 2 ಗ್ರಾಂ, ಆದ್ದರಿಂದ ಒಂದು ಮೊಟ್ಟೆಯ 6 ಗ್ರಾಂ ಪ್ರೋಟೀನಿಗೆ ಸಮವಾಗಲು ಕಡಿಮೆಯೆಂದರೂ ಮೂರು ನುಂಗಬೇಕು.

ಹಾಗಾದರೆ ಪ್ರೋಟೀನ್ ಪುಡಿಯಾದರೂ ಬೇಕೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ತಟ್ಟೆಯಲ್ಲಿದೆ. ಭಾರ ಎತ್ತುವವರ ಮೇಲೆ ನಡೆದ 49 ಅಧ್ಯಯನಗಳನ್ನು, ಅಂದರೆ 1,863 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹೆಚ್ಚುವರಿ ಪ್ರೋಟೀನ್ ಸೇವಿಸಿದವರಲ್ಲಿ ಕೊಬ್ಬಲ್ಲದ ದೇಹತೂಕ ಸರಾಸರಿ 300 ಗ್ರಾಂನಷ್ಟು ಹೆಚ್ಚು ಬೆಳೆದಿತ್ತು. ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಆ ಲಾಭವೂ ನಿಂತಿತ್ತು. ಈ ಲೆಕ್ಕದಲ್ಲಿ 62 ಕೆ.ಜಿ.ಯ ಹುಡುಗನಿಗೆ ದಿನಕ್ಕೆ ಸುಮಾರು 100 ಗ್ರಾಂ ಸಾಕು. ಅರ್ಧ ಲೀಟರ್ ಹಾಲಿನಿಂದ 16, ಮೂರು ಮೊಟ್ಟೆಯಿಂದ 18, ಸ್ವಚ್ಛ ಮಾಡಿದ 200 ಗ್ರಾಂ ಬಂಗುಡೆಯಿಂದ ಸುಮಾರು 40 ಗ್ರಾಂ ಸಿಕ್ಕಿದರೆ, ಉಳಿದದ್ದು ಅನ್ನ, ತೊವ್ವೆ, ಬೆಳಗಿನ ದೋಸೆಯಲ್ಲೇ ತುಂಬಿಹೋಗುತ್ತದೆ. ಮೀನು, ಮೊಟ್ಟೆ ಮುಟ್ಟದವರು ಅಷ್ಟೇ ಹಾಲಿನ ಜೊತೆಗೆ 50 ಗ್ರಾಂ ಸೋಯಾ ಚಂಕ್ಸ್ ಮತ್ತು 100 ಗ್ರಾಂ ಹುರುಳಿ ತಿಂದರೂ ಈ ಮೂರರಿಂದ ಸಿಗುವುದು ಅರವತ್ತು ಚಿಲ್ಲರೆ ಗ್ರಾಂ, ಮತ್ತು ದಿನವೂ ಅಷ್ಟು ಹುರುಳಿ ಕರಗಿಸಿಕೊಳ್ಳುವುದು ಎಲ್ಲ ಹೊಟ್ಟೆಗಳ ಕೆಲಸವೂ ಅಲ್ಲ. ಅಂಥವರಿಗೆ, ಹಾಗೂ ಹಾಸ್ಟೆಲಿನ ತಿಳಿಸಾರನ್ನೇ ನಂಬಿಕೊಂಡವರಿಗೆ, ದಿನಕ್ಕೊಂದು ಅಳತೆ ಚಮಚ ವೇ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಆಹಾರ ಮಾರ್ಗಸೂಚಿಯಲ್ಲಿ, ಮೈ ಬೆಳೆಸಲೆಂದು ಪ್ರೋಟೀನ್ ಪುಡಿ ಸೇವಿಸುವುದು ಬೇಡವೆಂದೇ ಹೇಳಿದೆ. ಜನಸಾಮಾನ್ಯರ ಮಟ್ಟಿಗೆ ಅದು ಸರಿಯಾದ ಸಲಹೆ ಎಂದೇ ನಾವು ತಿಳಿದಿದ್ದೇವೆ. ಮೇಲೆ ಹೇಳಿದ ಕೆಲವರಿಗಾಗಿ ಮಾತ್ರ ವೇ ಉಳಿಸಿಕೊಂಡಿದ್ದೇವೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನೂ ಕೊಳ್ಳಬಾರದು.

ಈ ಸಾದಾ ಪುಡಿಯನ್ನು ತರಿಸುವಾಗಲೂ ಒಂದು ಎಚ್ಚರ ಬೇಕು. ಪ್ರೋಟೀನನ್ನು ಸಾಮಾನ್ಯವಾಗಿ ನೇರವಾಗಿ ಅಳೆಯದೆ, ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ, ಗ್ಲೈಸಿನ್ ಎಂಬ ಅಗ್ಗದ ಅಮೈನೋ ಆಮ್ಲ ಬೆರೆಸಿದರೂ ಸಾರಜನಕ ಏರಿ, ಲೇಬಲ್ಲಿನ ಅಂಕಿ ಉಬ್ಬುತ್ತದೆ. ಆದ್ದರಿಂದ ಪ್ರತಿ ಬ್ಯಾಚಿಗೂ ಅಮೈನೋ ಆಮ್ಲಗಳ ಪ್ರಯೋಗಾಲಯ ವರದಿ ಕೊಡುವ ಸರಬರಾಜುದಾರರಿಂದಲೇ ತರಿಸುತ್ತೇವೆ, ವರದಿಯ ಪ್ರತಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ತೂಗುಹಾಕುತ್ತೇವೆ. ಸ್ಪರ್ಧೆಗೆ ಇಳಿಯುವವರು ಇಷ್ಟಕ್ಕೇ ನಿಶ್ಚಿಂತರಾಗಬಾರದು: ಕಲಬೆರಕೆಯಿಂದ ನಿಷೇಧಿತ ವಸ್ತು ಮೈ ಸೇರಿದರೂ ಉದ್ದೀಪನ ಮದ್ದು ತಡೆ ನಿಯಮದಂತೆ ಹೊಣೆ ಕ್ರೀಡಾಪಟುವಿನದೇ, ಮತ್ತು ನಮ್ಮಲ್ಲಿರುವ ವರದಿ ನಿಷೇಧಿತ ವಸ್ತುಗಳ ಪರೀಕ್ಷೆಯದಲ್ಲ.

ಮೊಹರು ಒಡೆಯದ ಬಿಸಿಎಎ ಅಥವಾ ಮಾತ್ರೆಯ ಡಬ್ಬಿಗಳನ್ನು ರಸೀದಿಯೊಂದಿಗೆ ಬರುವ ತಿಂಗಳ 15ರೊಳಗೆ ತಂದರೆ ಪೂರ್ತಿ ಹಣ ಹಿಂದಿರುಗಿಸುತ್ತೇವೆ. ಲೆಕ್ಕಕ್ಕೆ ಬರೆಸಿದವರ ಬಾಕಿಯಲ್ಲಿ ಅಷ್ಟನ್ನು ಕಳೆಯುತ್ತೇವೆ. ತೆರೆದ ಡಬ್ಬಿಯನ್ನು ವಾಪಸು ಪಡೆಯಲಾಗದು. ಅದನ್ನು ಎಸೆಯಬೇಕಾಗಿಯೂ ಇಲ್ಲ, ಇನ್ನೊಂದನ್ನು ಕೊಳ್ಳದಿದ್ದರೆ ಸಾಕು. ತೆರವಾಗುವ ಕಪಾಟಿನಲ್ಲಿ ಹುರಿಗಡಲೆ, ನೆಲಗಡಲೆ, ಹುರುಳಿ ಮತ್ತು ಸೋಯಾ ಚಂಕ್ಸ್ ಇರುತ್ತವೆ. ಮೊಟ್ಟೆಯ ಟ್ರೇ ಮೊದಲಿನ ಜಾಗದಲ್ಲೇ ಇದೆ, ಮತ್ತು ಇನ್ನು ಮುಂದೆ ವಿದ್ಯಾರ್ಥಿಗಳು ಅದನ್ನೂ ಲೆಕ್ಕಕ್ಕೆ ಬರೆಸಬಹುದು.

ಇಂತು ತಮ್ಮ ವಿಶ್ವಾಸಿ,
ವ್ಯವಸ್ಥಾಪಕ
(ಆಡಳಿತ ಮಂಡಳಿಯ ಪರವಾಗಿ)